ಡಿಜಿಟಲ್ ಸರಕು ಮಾರಿದ ಮೇಲೆ: ಗ್ರಾಹಕ ಸೇವೆಗೆ ಯಾವ ದಾರಿ ಯಾರಿಗೆ ಒಪ್ಪುತ್ತದೆ?

ರಾಯಚೂರಿನಲ್ಲಿ ಕುಳಿತು ಸ್ಪರ್ಧಾತ್ಮಕ ಪರೀಕ್ಷೆಗಳ ನೋಟ್ಸ್ ಮಾರುವವರು, ಬಳ್ಳಾರಿಯ ಜೀನ್ಸ್ ಘಟಕಗಳಿಗೂ ಹೊರ ಊರಿನವರಿಗೂ ಎಂಬ್ರಾಯ್ಡರಿ ಡಿಸೈನ್ ಫೈಲ್‌ಗಳನ್ನು ಮಾರುವವರು, ಗಂಗಾವತಿಯಲ್ಲಿ ಅಕ್ಕಿ ಗಿರಣಿಗಳ ಲೆಕ್ಕಪತ್ರಕ್ಕೆಂದು ಎಕ್ಸೆಲ್ ಹಾಳೆ ಸಿದ್ಧಪಡಿಸಿ ಕೊಡುವವರು, ಈ ಮೂವರ ಸರಕೂ ಬೇರೆ, ಗಿರಾಕಿಗಳೂ ಬೇರೆ. ಆದರೆ ಮೂವರೂ ಮಾರುವುದು ಕೈಯಲ್ಲಿ ಹಿಡಿದು ನೋಡಲಾಗದ ವಸ್ತುವನ್ನು. ಬಟ್ಟೆ ಕೊಂಡವರು ಹೊಲಿಗೆ ಬಿಟ್ಟರೆ ಅದೇ ಅಂಗಡಿಯ ಮೆಟ್ಟಿಲು ಹತ್ತಿ ಕೇಳಬಲ್ಲರು; ಫೈಲ್ ಕೊಂಡವರಿಗೆ ಹತ್ತಲು ಮೆಟ್ಟಿಲೇ ಇಲ್ಲ. ಹಣ ಕಳಿಸಿದ ಕ್ಷಣದಿಂದ ಅವರ ಪಾಲಿಗೆ ಅಂಗಡಿಯೆಂದರೆ ಮಾರಿದವರಿಂದ ಬರುವ ಉತ್ತರ ಮಾತ್ರ. ಆ ಉತ್ತರವನ್ನು ಯಾವ ದಾರಿಯಿಂದ ಕೊಡಬೇಕು, ಫೋನಿನಿಂದಲೋ ವಾಟ್ಸಾಪ್‌ನಿಂದಲೋ ಇಮೇಲ್‌ನಿಂದಲೋ ಪ್ರತಿ ದೂರಿಗೂ ಸಂಖ್ಯೆ ಕೊಡುವ ಟಿಕೆಟ್ ವ್ಯವಸ್ಥೆಯಿಂದಲೋ ಎಂಬುದನ್ನು ಹೋಲಿಸಿ ನೋಡುವುದು ಈ ಬರಹದ ಉದ್ದೇಶ.

ಇಂಥ ಸರಕಿನ ಒಂದು ಗುಣವನ್ನು ಹೊಸದಾಗಿ ಮಾರಾಟಕ್ಕಿಳಿದವರು ಲೆಕ್ಕಕ್ಕೆ ಹಿಡಿಯುವುದು ಕಡಿಮೆ. ಒಮ್ಮೆ ಸಿದ್ಧವಾದ ಪಿಡಿಎಫ್‌ನ ಸಾವಿರದ ಪ್ರತಿಗೂ ತಯಾರಿಕೆಯ ಖರ್ಚು ಇಲ್ಲವೆಂದೇ ಹೇಳಬೇಕು. ಆದರೆ ಪ್ರತಿ ಮಾರಾಟದ ಬೆನ್ನಿಗೆ ಬರುವ ಪ್ರಶ್ನೆಗೆ ಖರ್ಚು ಇದ್ದೇ ಇದೆ. ₹199ರ ನೋಟ್ಸ್ ಕೊಂಡ ವಿದ್ಯಾರ್ಥಿಯೊಂದಿಗೆ ಕಾಲು ಗಂಟೆ ಫೋನಿನಲ್ಲಿ ಮಾತನಾಡಿದರೆ, ನಿಮ್ಮ ಒಂದು ಗಂಟೆಯ ಬೆಲೆ ₹160 ಎಂದು ಹಿಡಿದರೂ, ₹40 ಅಲ್ಲಿಗೇ ಕರಗಿತು. ₹6,000 ಬೆಲೆಯ ಎಕ್ಸೆಲ್ ಹಾಳೆಗೆ ಅದೇ ಕಾಲು ಗಂಟೆ ಭಾರವಲ್ಲ. ಬದಲಿಗೆ, ಆ ಕಾಲು ಗಂಟೆಯನ್ನು ಕೊಡದಿದ್ದರೆ ಗಿರಣಿಯವರು ಮುಂದಿನ ವರ್ಷ ಬೇರೆಯವರನ್ನು ಹುಡುಕುತ್ತಾರೆ. ಹಾಗಾಗಿ ಯಾವ ಸಾಧನ ಎಲ್ಲಕ್ಕಿಂತ ಮೇಲು ಎಂದು ಕೇಳುವುದರಿಂದ ಪ್ರಯೋಜನವಿಲ್ಲ. ನಿಮ್ಮ ಸರಕಿಗೆ ಎಂಥ ಪ್ರಶ್ನೆಗಳು ಬರುತ್ತವೆ, ಅದರ ಬೆಲೆ ಎಷ್ಟು ಹೊತ್ತಿನ ಉತ್ತರವನ್ನು ತಾಳಿಕೊಳ್ಳುತ್ತದೆ ಎಂಬುದನ್ನು ಮೊದಲು ತಿಳಿದುಕೊಳ್ಳಬೇಕು, ಮತ್ತು ನನ್ನ ಅಭಿಪ್ರಾಯದಲ್ಲಿ, ಮಾರುವ ಜಾಲತಾಣವನ್ನು ಆರಿಸುವುದಕ್ಕೂ ಮುಂಚೆಯೇ ಇದನ್ನು ತೀರ್ಮಾನಿಸಬೇಕು.

ಪ್ರಶ್ನೆಗಳ ಬಗೆ

"ಸರ್, ರೊಕ್ಕ ಕಟ್ ಆಗ್ಯಾದ್ರೀ, ಫೈಲ್ ಬಂದಿಲ್ಲ." ಮೊದಲ ಬಗೆಯ ದೂರು ಇದು, ಮತ್ತು ಎಲ್ಲಕ್ಕಿಂತ ತುರ್ತಿನದು ಸಹ ಇದೇ, ಏಕೆಂದರೆ ಇಲ್ಲಿ ಗ್ರಾಹಕರಿಗೆ ಮೋಸ ಹೋದೆನೇನೋ ಎಂಬ ಭಯವಿರುತ್ತದೆ. ಯುಪಿಐ ಪಾವತಿಗೆ ಆ ವಹಿವಾಟನ್ನು ಗುರುತಿಸುವ 12 ಅಂಕಿಗಳ ಯುಟಿಆರ್ ಸಂಖ್ಯೆಯಿರುತ್ತದೆ. ಅದನ್ನು ಕೇಳಿ ಪಡೆದು ನಿಮ್ಮ ಖಾತೆಯ ವಿವರದೊಂದಿಗೆ ಹೋಲಿಸಿದರೆ ಹಣ ಬಂದಿದೆಯೋ ಇಲ್ಲವೋ ಎಂಬುದು ತೀರ್ಮಾನವಾಗುತ್ತದೆ. ಬಂದಿದ್ದರೆ ಫೈಲ್ ಕಳಿಸಿದರಾಯಿತು. ಗ್ರಾಹಕರ ಖಾತೆಯಿಂದ ಕಡಿತವಾಗಿ ವ್ಯಾಪಾರಿಗೆ ಪಾವತಿ ಖಚಿತವಾಗದೆ ನಿಂತಿದ್ದರೆ, ಭಾರತೀಯ ರಿಸರ್ವ್ ಬ್ಯಾಂಕು 2019ರ ಸೆಪ್ಟೆಂಬರ್ 20ರಂದು ಹೊರಡಿಸಿದ ಸುತ್ತೋಲೆಯಂತೆ ವಹಿವಾಟಿನ ದಿನದ ನಂತರ 5 ದಿನಗಳೊಳಗೆ ಆ ಹಣ ತಾನಾಗಿ ಹಿಂದಿರುಗಬೇಕು, ಅದಕ್ಕೂ ತಡವಾದರೆ ದಿನಕ್ಕೆ ₹100ರಂತೆ ಪರಿಹಾರ ಸಲ್ಲಬೇಕು. ಈ ನಿಯಮವನ್ನು ನಾಲ್ಕು ಸಾಲಿನಲ್ಲಿ ಕನ್ನಡದಲ್ಲಿ ಬರೆದು ಇಟ್ಟುಕೊಂಡು, ಕೇಳಿದವರಿಗೆ ಕಳಿಸುವ ಮಾರಾಟಗಾರರ ಮೇಲೆ ಗ್ರಾಹಕರಿಗೆ ಹುಟ್ಟುವ ನಂಬಿಕೆಯನ್ನು ಯಾವ ಜಾಹೀರಾತೂ ತರಲಾರದು.

ಎರಡನೆಯದು "ಓಪನ್ ಆಗವಲ್ದು" ಎಂಬ ದೂರು. ಇದರಲ್ಲಿ ಹೆಚ್ಚಿನವು ಮೊದಲೇ ಊಹಿಸಬಹುದಾದವು. ಜಿಪ್ ಕಡತವನ್ನು ಫೋನಿನಲ್ಲಿ ಬಿಚ್ಚುವುದು ಹೇಗೆಂದು ತಿಳಿಯದವರು ಇರುತ್ತಾರೆ. ಇಂಟರ್ನೆಟ್‌ನಿಂದ ಇಳಿಸಿಕೊಂಡ ಎಕ್ಸೆಲ್ ಕಡತಗಳಲ್ಲಿನ ಮ್ಯಾಕ್ರೋಗಳನ್ನು (ಕೆಲಸವನ್ನು ತಾನಾಗಿ ಮಾಡಿಸುವ ಆದೇಶಗಳನ್ನು) ಮೈಕ್ರೋಸಾಫ್ಟ್ 2022ರಿಂದ ತಾನಾಗಿಯೇ ತಡೆಯುತ್ತಿದೆ. ಫೈಲ್‌ನ ಪ್ರಾಪರ್ಟೀಸ್‌ನಲ್ಲಿ ಅನ್‌ಬ್ಲಾಕ್ ಎಂಬಲ್ಲಿ ಗುರುತು ಹಾಕುವವರೆಗೆ ಗಿರಣಿಯ ಗುಮಾಸ್ತರ ಮುಂದೆ ಕೆಂಪು ಪಟ್ಟಿಯೊಂದು ಬಿಟ್ಟರೆ ಬೇರೇನೂ ನಡೆಯುವುದಿಲ್ಲ. ನುಡಿ ಎಂಬ ಕನ್ನಡ ಬೆರಳಚ್ಚು ತಂತ್ರಾಂಶದ ಹಳೆಯ, ಯೂನಿಕೋಡ್ (ಎಲ್ಲ ಸಾಧನಗಳೂ ಒಂದೇ ರೀತಿ ಓದುವ ಅಕ್ಷರ ಸಂಕೇತ) ಅಲ್ಲದ ಅಕ್ಷರಗಳಲ್ಲಿ ಬೆರಳಚ್ಚಾದ ನೋಟ್ಸ್ ಪಿಡಿಎಫ್‌ನಲ್ಲಿ ಚೆನ್ನಾಗಿಯೇ ಕಾಣುತ್ತದೆ, ಆದರೆ ಅದರೊಳಗೆ ಪದ ಹುಡುಕಲು ಹೋದ ವಿದ್ಯಾರ್ಥಿಗೆ ಒಂದೂ ಸಿಗುವುದಿಲ್ಲ. ಇದು ಸೇವೆಯ ದೋಷವಲ್ಲ, ಸರಕಿನ ದೋಷ. ಎಷ್ಟೇ ನಯವಾಗಿ ಉತ್ತರಿಸಿದರೂ ಯೂನಿಕೋಡ್‌ಗೆ ಬದಲಿಸುವವರೆಗೆ ಅದೇ ಪ್ರಶ್ನೆ ಮರಳಿ ಬರುತ್ತಲೇ ಇರುತ್ತದೆ.

ಮೂರನೆಯದು "ನಾನು ಅಂದುಕೊಂಡದ್ದು ಇದಲ್ಲ" ಎಂಬುದು. ಎಂಬ್ರಾಯ್ಡರಿ ಕ್ಷೇತ್ರದಲ್ಲಿ ಇದಕ್ಕೆ ಸ್ಪಷ್ಟ ಉದಾಹರಣೆಯಿದೆ. ಡಿಎಸ್‌ಟಿ ಎಂಬ ಮಾದರಿಯ ಎಂಬ್ರಾಯ್ಡರಿ ಕಡತದಲ್ಲಿ ಹೊಲಿಗೆಯ ಚಲನೆಯೂ ಬಣ್ಣ ಬದಲಿಸುವ ಸೂಚನೆಯೂ ಇರುತ್ತವೆ, ದಾರದ ಬಣ್ಣ ಯಾವುದೆಂಬ ಮಾಹಿತಿ ಇರುವುದಿಲ್ಲ. ಹಾಗಾಗಿ ಚಿತ್ರದಲ್ಲಿ ಕೆಂಪು ಹೂವು ನೋಡಿ ಕೊಂಡವರ ಯಂತ್ರದ ಪರದೆಯಲ್ಲಿ ಅದು ನೀಲಿಯಾಗಿ ಮೂಡಿದರೆ ಆಶ್ಚರ್ಯವಿಲ್ಲ. ಫೈಲ್‌ನೊಂದಿಗೆ ಬಣ್ಣಗಳ ಕ್ರಮದ ಒಂದು ಪುಟ, ಹೊಲಿಗೆಯ ಒಟ್ಟು ಸಂಖ್ಯೆ, ಹೂಪ್‌ನ (ಬಟ್ಟೆಯನ್ನು ಬಿಗಿಹಿಡಿಯುವ ಚೌಕಟ್ಟಿನ) ಅಳತೆ ಇವಿಷ್ಟನ್ನು ಕೊಟ್ಟರೆ ಈ ದೂರಿನ ಬಹುಪಾಲು ಹುಟ್ಟುವುದೇ ಇಲ್ಲ. ಬ್ರದರ್ ಯಂತ್ರದವರಿಗೆ ಪಿಇಎಸ್, ಜಾನೋಮೆಯವರಿಗೆ ಜೆಇಎಫ್ ಎಂಬಂತೆ ಯಾವ ಯಂತ್ರಕ್ಕೆ ಯಾವ ಮಾದರಿ ಎಂಬುದನ್ನು ಹಣ ಪಡೆಯುವ ಮುಂಚೆಯೇ ಹೇಳಬೇಕು.

ಫೋನ್ ಕರೆ

ನಮ್ಮ ಕಡೆಯ ಗಿರಾಕಿಗಳು ಮೊದಲು ಹುಡುಕುವುದು ಫೋನ್ ನಂಬರನ್ನೇ. ಕರೆಯ ಬಲವೆಂದರೆ ಗಾಬರಿಯನ್ನು ಕೂಡಲೇ ಇಳಿಸುವುದು. ಬಳ್ಳಾರಿಯಲ್ಲಿ ತೆಲುಗು, ರಾಯಚೂರಿನಲ್ಲಿ ತೆಲುಗು ಮತ್ತು ಉರ್ದು ಬೆರೆತ ಮಾತಿನಲ್ಲಿ ವಿಷಯ ಬೇಗ ಮುಗಿಯುವುದು. ಅದರ ದೌರ್ಬಲ್ಯವೆಂದರೆ ಆಡಿದ ಮಾತಿನ ದಾಖಲೆ ಉಳಿಯದಿರುವುದು, ಮತ್ತು ಒಮ್ಮೆಗೆ ಒಬ್ಬರಿಗಷ್ಟೇ ಉತ್ತರಿಸಲು ಸಾಧ್ಯವಾಗುವುದು. ನೇಮಕಾತಿಯ ಅಧಿಸೂಚನೆ ಹೊರಬಿದ್ದ ವಾರದಲ್ಲಿ, ಸಂವಿಧಾನದ 371ಜೆ ವಿಧಿಯ ಮೀಸಲಾತಿಯಡಿ ಕಲ್ಯಾಣ ಕರ್ನಾಟಕ (ಹಿಂದಿನ ಹೈದರಾಬಾದ್ ಕರ್ನಾಟಕ) ವೃಂದದ ಹುದ್ದೆಗಳಿಗೆ ಓದುವವರು ಒಟ್ಟಿಗೆ ಕೇಳತೊಡಗಿದಾಗ, ₹199ರ ಸರಕಿಗೆ ಫೋನ್ ಸೇವೆ ಕೊಡುತ್ತೇನೆಂದವರು ಓದಿಸುವುದನ್ನೂ ಬರೆಯುವುದನ್ನೂ ಬಿಟ್ಟು ಕರೆಗಳಿಗೇ ದಿನ ಕಳೆಯಬೇಕಾಗುತ್ತದೆ. ಅಗ್ಗದ ಸರಕಿಗೆ ಕರೆಯನ್ನು ಕೊನೆಯ ಮೆಟ್ಟಿಲಾಗಿ ಇಡುವುದು ಒಳ್ಳೆಯದು: ಮೊದಲು ಸಂದೇಶ, ಅದರಿಂದ ಬಗೆಹರಿಯದಿದ್ದರೆ ನೀವೇ ಮರಳಿ ಕರೆ ಮಾಡುವ ವ್ಯವಸ್ಥೆ. ದುಬಾರಿ ಸರಕಿನ ವಿಷಯ ಬೇರೆ. ಗಂಗಾವತಿಯ ಗಿರಣಿಗೆ ಮುಂಗಾರು ಬೆಳೆಯ ಭತ್ತ ಬಂದು ಬೀಳುವ ನವೆಂಬರ್, ಡಿಸೆಂಬರ್‌ಗಳಲ್ಲಿ ತೂಕದ ಲೆಕ್ಕ ತಪ್ಪಿದರೆ ಲಾರಿ ನಿಲ್ಲುತ್ತದೆ. ಅಲ್ಲಿ ಕರೆಗೆ ಬದಲಿ ಯಾವುದೂ ಇಲ್ಲ.

ದೂರದಿಂದಲೇ ಗ್ರಾಹಕರ ಕಂಪ್ಯೂಟರ್ ನೋಡಲು ಎನಿಡೆಸ್ಕ್, ಟೀಮ್‌ವ್ಯೂವರ್‌ಗಳಂಥ ತಂತ್ರಾಂಶ ಬಳಸುವವರು ಒಂದು ಎಚ್ಚರ ವಹಿಸಬೇಕು. ಇವೇ ಸಾಧನಗಳನ್ನು ವಂಚಕರೂ ಬಳಸುತ್ತಾರೆಂಬುದು ಈಗ ಎಲ್ಲರಿಗೂ ಗೊತ್ತು, ಹಾಗಾಗಿ ಬ್ಯಾಂಕಿನ ಪುಟಗಳನ್ನು ಮುಚ್ಚಿದ ನಂತರವೇ ಸಂಪರ್ಕ ಕೊಡಿ ಎಂದು ನೀವೇ ಮೊದಲು ಹೇಳಬೇಕು. ಹಣ ಪಡೆಯಲು ಯುಪಿಐ ಪಿನ್ ಬೇಕಾಗುವುದಿಲ್ಲ, ಹಾಗಾಗಿ ಮರುಪಾವತಿಗೆಂದು ನಾವು ಎಂದೂ ಪಿನ್ ಆಗಲಿ ಒಟಿಪಿ ಆಗಲಿ ಕೇಳುವುದಿಲ್ಲ ಎಂಬ ವಾಕ್ಯ ನಿಮ್ಮ ಪ್ರತಿ ರಸೀದಿಯ ಕೆಳಗೂ ಇರಲಿ, ಜೊತೆಗೆ ಸೈಬರ್ ವಂಚನೆಯ ಸಹಾಯವಾಣಿ 1930 ಕೂಡ.

ವಾಟ್ಸಾಪ್ ಬಿಸಿನೆಸ್

ಈ ಮೂರೂ ಜಿಲ್ಲೆಗಳಲ್ಲಿ ಒಬ್ಬರೇ ನಡೆಸುವ ವ್ಯಾಪಾರಕ್ಕೆ ನಾನು ಮೊದಲು ಸೂಚಿಸುವುದು ಇದನ್ನೇ, ಆದರೆ ಷರತ್ತುಗಳೊಂದಿಗೆ. 2018ರಲ್ಲಿ ಬಂದ ವಾಟ್ಸಾಪ್ ಬಿಸಿನೆಸ್ ಆ್ಯಪ್ ಉಚಿತವಾಗಿದೆ, ಮತ್ತು ಅದರಲ್ಲಿ ಮಾರಾಟಗಾರರಿಗೆ ಬೇಕಾದ ಮೂರು ಸೌಲಭ್ಯಗಳಿವೆ. ಪದೇ ಪದೇ ಕೊಡುವ ಉತ್ತರಗಳನ್ನು ಬರೆದಿಟ್ಟು ಓರೆಗೆರೆ ಒತ್ತಿ ಕರೆಯಬಹುದು. ಪ್ರತಿ ಸಂಭಾಷಣೆಗೂ ಹಣ ಬಾಕಿ, ಫೈಲ್ ಕಳಿಸಿದೆ, ದೂರು ಎಂಬಂಥ ಬಣ್ಣದ ಲೇಬಲ್ ಅಂಟಿಸಬಹುದು. ಕೆಲಸದ ವೇಳೆಯ ಹೊರಗೆ ಬಂದ ಸಂದೇಶಕ್ಕೆ ತಾನಾಗಿ ಉತ್ತರ ಹೋಗುವಂತೆ ಮಾಡಬಹುದು. ಇಷ್ಟನ್ನೂ ಬಳಸದೆ ಸ್ವಂತ ನಂಬರಿನ ಸಾಮಾನ್ಯ ವಾಟ್ಸಾಪ್‌ನಲ್ಲಿಯೇ ವ್ಯಾಪಾರ ನಡೆಸುವವರು ಬಹಳ, ಮತ್ತು ಮದುವೆ ಮನೆಯ ಫೋಟೋಗಳ ನಡುವೆ ಗ್ರಾಹಕರ ದೂರು ಮುಳುಗಿಹೋಗುವುದು ಅಂಥವರ ಫೋನಿನಲ್ಲಿಯೇ. ವ್ಯಾಪಾರಕ್ಕೆ ಬೇರೆ ಸಿಮ್ ಬೇಕು. ಇದರಲ್ಲಿ ಎರಡು ಮಾತಿಲ್ಲ.

ಈ ದಾರಿಯ ಮಿತಿ ಎಲ್ಲಿ ತಲೆದೋರುತ್ತದೆ ಎಂಬುದನ್ನು ಸರಿಯಾಗಿ ಗುರುತಿಸಬೇಕು. ಒಂದೇ ಖಾತೆಯನ್ನು ಫೋನಿನ ಜೊತೆಗೆ ಇನ್ನೂ ನಾಲ್ಕು ಸಾಧನಗಳಲ್ಲಿ ತೆರೆಯಲು ಅವಕಾಶವಿದೆ, ಆದರೆ ಈ ಗ್ರಾಹಕರು ನಿಮ್ಮ ಪಾಲು, ಆ ಗ್ರಾಹಕರು ನನ್ನ ಪಾಲು ಎಂದು ಹಂಚಿಕೊಳ್ಳುವ ಶಿಸ್ತನ್ನು ನೀವೇ ತರಬೇಕಾಗುತ್ತದೆ. ಅಣ್ಣ ಹಣ ಮರಳಿಸುತ್ತೇನೆ ಎಂದು ಬರೆದು, ಅದನ್ನು ನೋಡದ ತಂಗಿ ಮರುಪಾವತಿ ಇಲ್ಲವೆಂದು ಬರೆದರೆ, ಗ್ರಾಹಕರು ಎರಡೂ ಸಂದೇಶಗಳ ಸ್ಕ್ರೀನ್‌ಶಾಟ್ ಇಟ್ಟುಕೊಂಡಿರುತ್ತಾರೆ. ಎರಡನೆಯ ಮಿತಿ ಧ್ವನಿ ಸಂದೇಶಗಳದ್ದು. ಎಂಬ್ರಾಯ್ಡರಿ ಯಂತ್ರದ ಮುಂದೆ ನಿಂತವರಿಗೆ ಬರೆಯಲು ಪುರಸೊತ್ತಿರುವುದಿಲ್ಲ, ಅವರು ಒಂದೂವರೆ ನಿಮಿಷದ ಧ್ವನಿಯನ್ನು ಕಳಿಸುತ್ತಾರೆ. ಕೇಳುವಾಗ ಅರ್ಥವಾದ ಮಾತು ತಿಂಗಳ ನಂತರ ಹುಡುಕಿದರೆ ಸಿಗುವುದಿಲ್ಲ. ಧ್ವನಿ ಸಂದೇಶಕ್ಕೆ ಬರಹದಲ್ಲಿ ಉತ್ತರಿಸಿ, ಉತ್ತರದ ಮೊದಲ ಸಾಲಿನಲ್ಲಿ ಅವರ ದೂರನ್ನೇ ಒಂದು ವಾಕ್ಯದಲ್ಲಿ ಬರೆದಿಟ್ಟರೆ ಆ ತೊಂದರೆ ತಪ್ಪುತ್ತದೆ. ಮೂರನೆಯದು, ಸರಕಿನ ತಿದ್ದುಪಡಿಯನ್ನು ಎಲ್ಲರಿಗೂ ತಿಳಿಸಬೇಕಾದ ಸಂದರ್ಭ. ಬ್ರಾಡ್‌ಕಾಸ್ಟ್ ಪಟ್ಟಿಯೊಂದರಲ್ಲಿ 256 ಜನರಿಗಷ್ಟೇ ಜಾಗ, ಅದರಲ್ಲಿಯೂ ನಿಮ್ಮ ನಂಬರನ್ನು ಉಳಿಸಿಕೊಂಡವರಿಗೆ ಮಾತ್ರ ಸಂದೇಶ ತಲುಪುತ್ತದೆ.

ದೊಡ್ಡ ವ್ಯಾಪಾರಗಳಿಗೆಂದು ಇರುವ ವಾಟ್ಸಾಪ್‌ನ ಎಪಿಐ ಸೇವೆ ಬೇರೆಯೇ. ಅಲ್ಲಿ ಗ್ರಾಹಕರ ಕೊನೆಯ ಸಂದೇಶದ ನಂತರ 24 ಗಂಟೆಗಳವರೆಗೆ ಮುಕ್ತವಾಗಿ ಉತ್ತರಿಸಬಹುದು. ಅದು ಕಳೆದರೆ ಮೊದಲೇ ಒಪ್ಪಿಗೆ ಪಡೆದ ಟೆಂಪ್ಲೇಟ್ ಸಂದೇಶವನ್ನಷ್ಟೇ ಕಳಿಸಲು ಸಾಧ್ಯ. ದಿನಕ್ಕೆ ಹತ್ತಿಪ್ಪತ್ತು ಮಾರಾಟವಿರುವವರಿಗೆ ಇದರ ಅಗತ್ಯ ಕಾಣುವುದಿಲ್ಲ.

ಟೆಲಿಗ್ರಾಂ ಗುಂಪು

ನೋಟ್ಸ್ ಮಾರುವವರಿಗೆ ಇದರ ಮೇಲೆ ಒಲವು ಹೆಚ್ಚು, ಮತ್ತು ಅದಕ್ಕೆ ಕಾರಣವಿದೆ: 2 ಜಿಬಿವರೆಗಿನ ಕಡತ ಕಳಿಸಬಹುದು, ಗುಂಪಿನಲ್ಲಿ 2 ಲಕ್ಷ ಸದಸ್ಯರವರೆಗೆ ಅವಕಾಶವಿದೆ, ಒಬ್ಬರ ಪ್ರಶ್ನೆಗೆ ಕೊಟ್ಟ ಉತ್ತರ ಎಲ್ಲರಿಗೂ ಸಿಗುತ್ತದೆ, ಎಷ್ಟೋ ಸಲ ಓದುವವರೇ ಒಬ್ಬರಿಗೊಬ್ಬರು ಉತ್ತರಿಸಿಕೊಳ್ಳುತ್ತಾರೆ. ಪಠ್ಯದ ಕುರಿತ ಪ್ರಶ್ನೆಗಳಿಗೆ ಇದಕ್ಕಿಂತ ಅಗ್ಗದ ದಾರಿಯಿಲ್ಲ. ಹಣದ ದೂರುಗಳಿಗೆ ಮಾತ್ರ ಇದು ಕೆಟ್ಟ ಜಾಗ. "ರೊಕ್ಕ ಹೋಯ್ತು, ಯಾರೂ ಮಾತಾಡವಲ್ರು" ಎಂಬ ಒಂದು ಸಾಲು ಗುಂಪಿನಲ್ಲಿ ಬಿದ್ದರೆ, ನೀವು ಒಳಗೊಳಗೇ ಅದನ್ನು ಬಗೆಹರಿಸಿದ್ದರೂ ಓದಿದವರ ಮನಸ್ಸಿನಲ್ಲಿ ಆ ಸಾಲೇ ಉಳಿಯುತ್ತದೆ. ಅದಲ್ಲದೆ, ನಿಮ್ಮ ಗುಂಪಿನ ಹೆಸರನ್ನೇ ಹೋಲುವ ಖಾತೆ ತೆರೆದು ಸದಸ್ಯರಿಗೆ ನೇರ ಸಂದೇಶ ಕಳಿಸಿ ಹಣ ಕೇಳುವವರು ಇಲ್ಲಿ ಸುಲಭವಾಗಿ ನುಸುಳುತ್ತಾರೆ. ಗುಂಪನ್ನು ಪಾಠಕ್ಕೆ ಇಟ್ಟುಕೊಂಡು, ಪಾವತಿಯ ಮಾತಿಗೆ ಬೇರೆ ನಂಬರ್ ಕೊಡುವುದು ಜಾಣತನ.

ಇಮೇಲ್ ಮತ್ತು ಟಿಕೆಟ್

ಇಮೇಲನ್ನು ನಮ್ಮ ಭಾಗದ ಬಹುಪಾಲು ಗ್ರಾಹಕರು ಪರೀಕ್ಷೆಯ ಅರ್ಜಿ ತುಂಬುವಾಗ ಬಿಟ್ಟರೆ ನೋಡುವುದೇ ಇಲ್ಲ ಎಂದು ಮಾರಾಟಗಾರರು ದೂರುತ್ತಾರೆ; ಮಾತಿನಲ್ಲಿ ನಿಜವಿದೆ. ಆದರೆ ಹೊರನಾಡಿನ ಗ್ರಾಹಕರಿಗೆ ಡಿಸೈನ್ ಫೈಲ್ ಮಾರುವ ಬಳ್ಳಾರಿಯವರಿಗೆ ಇಮೇಲ್ ಇಲ್ಲದೆ ನಡೆಯದು. ನ್ಯೂಯಾರ್ಕ್‌ನಲ್ಲಿ ಬೆಳಿಗ್ಗೆ 10 ಗಂಟೆಯಾದಾಗ ಇಲ್ಲಿ ಕಾಲಕ್ಕೆ ತಕ್ಕಂತೆ ಸಂಜೆ 7:30 ಅಥವಾ ರಾತ್ರಿ 8:30 ಆಗಿರುತ್ತದೆ. ಅವರ ಇಡೀ ಕೆಲಸದ ದಿನಕ್ಕೆ ಎಚ್ಚರವಿರುವುದು ಒಬ್ಬರಿಂದ ಆಗುವ ಮಾತಲ್ಲ, ನಾಳೆ ಬೆಳಿಗ್ಗೆ ಉತ್ತರ ಬರುತ್ತದೆಂಬ ನಿರೀಕ್ಷೆಯನ್ನು ತಾಳುವ ಮಾಧ್ಯಮವೇ ಬೇಕು. ಉಚಿತ ಜಿಮೇಲ್‌ನಲ್ಲಿ 25 ಎಂಬಿಗಿಂತ ದೊಡ್ಡ ಲಗತ್ತು ಹೋಗದೆಂಬುದನ್ನೂ ದಿನಕ್ಕೆ 500 ಸಂದೇಶಗಳ ಮಿತಿಯಿದೆ ಎಂಬುದನ್ನೂ ನೆನಪಿಟ್ಟರೆ ಸಾಕು.

ಟಿಕೆಟ್ ವ್ಯವಸ್ಥೆ ಇದರ ಮುಂದಿನ ಹಂತ. ಪ್ರತಿ ದೂರಿಗೂ ಒಂದು ಸಂಖ್ಯೆ ಬೀಳುತ್ತದೆ, ಯಾರು ಉತ್ತರಿಸಬೇಕೆಂದು ಗೊತ್ತುಪಡಿಸಬಹುದು, ಎಷ್ಟು ದಿನದಿಂದ ಬಾಕಿಯಿದೆ ಎಂಬುದು ಪರದೆಯ ಮೇಲೆ ಕಾಣುತ್ತದೆ. ಚೆನ್ನೈ ಮೂಲದ ಜೋಹೋದ ಡೆಸ್ಕ್, ಅದೇ ಊರಿನಲ್ಲಿ 2010ರಲ್ಲಿ ಆರಂಭವಾದ ಫ್ರೆಶ್‌ಡೆಸ್ಕ್ ಎರಡೂ ನಮ್ಮಲ್ಲಿ ಬಳಕೆಯಲ್ಲಿವೆ. ಒಬ್ಬರೇ ಇರುವಲ್ಲಿ ಇದು ಅನಗತ್ಯ ಹೊರೆ. ಇಬ್ಬರು ಉತ್ತರಿಸತೊಡಗಿದ ದಿನದಿಂದ, ಮೇಲೆ ಹೇಳಿದ ಅಣ್ಣ ತಂಗಿಯರ ಗೊಂದಲ ಶುರುವಾಗುವ ಮುನ್ನವೇ, ಇದಕ್ಕೆ ಬದಲಾಗುವುದು ಲೇಸು. ಅಲ್ಲಿಯವರೆಗೆ ಒಂದು ಗೂಗಲ್ ಶೀಟ್‌ನಲ್ಲಿ ದಿನಾಂಕ, ಯುಟಿಆರ್, ದೂರು, ಉತ್ತರ ಎಂಬ ನಾಲ್ಕು ಕಾಲಂ ತುಂಬಿದರೂ ಅದೇ ಕೆಲಸ ಬಹುಮಟ್ಟಿಗೆ ಆಗುತ್ತದೆ.

ತಾನಾಗಿ ಉತ್ತರಿಸುವ ಚಾಟ್‌ಬಾಟ್‌ಗಳ ಬಗ್ಗೆ ಬಹಳ ಹೇಳುವುದಿಲ್ಲ. ಇಂಗ್ಲಿಷ್ ಅಕ್ಷರಗಳಲ್ಲಿ ಬರೆದ ರಾಯಚೂರು ಕನ್ನಡ, ನಡುವೆ ತೆಲುಗಿನ ಎರಡು ಪದ, ಜೊತೆಗೊಂದು ಮಸುಕಾದ ಸ್ಕ್ರೀನ್‌ಶಾಟ್, ಇಂಥ ದೂರಿಗೆ ಸದ್ಯಕ್ಕೆ ಮನುಷ್ಯರೇ ಉತ್ತರಿಸಲಿ. ಅದಕ್ಕಿಂತ ಮೊದಲು ಒಂದು ಒಳ್ಳೆಯ ಸಹಾಯ ಪುಟ ಬರೆಯುವುದು ಎಲ್ಲರಿಗೂ ಸಾಧ್ಯ: ಫೈಲ್ ಇಳಿಸಿಕೊಂಡು ತೆರೆಯುವುದನ್ನು ಫೋನಿನ ಪರದೆಯಲ್ಲೇ ತೋರಿಸುವ ಎರಡು ನಿಮಿಷದ ಕನ್ನಡ ವಿಡಿಯೋ ಹತ್ತಾರು ಕರೆಗಳನ್ನು ತಪ್ಪಿಸುತ್ತದೆ.

ತಾಣ ಆರಿಸುವಾಗ ಕೇಳಬೇಕಾದ ಪ್ರಶ್ನೆ

ಮಾರುವ ತಾಣಗಳನ್ನು ಹೋಲಿಸುವಾಗ ಕಮಿಷನ್ ಎಷ್ಟು ಎಂದಷ್ಟೇ ನೋಡುವುದು ರೂಢಿ. ಗ್ರಾಹಕರಿಗೆ ಉತ್ತರ ಕೊಡುವವರು ಯಾರು, ಮರುಪಾವತಿಯನ್ನು ತೀರ್ಮಾನಿಸುವವರು ಯಾರು ಎಂಬ ಎರಡು ಪ್ರಶ್ನೆಗಳನ್ನು ಅದರ ಪಕ್ಕದಲ್ಲಿಡಬೇಕು. ಯುಡೆಮಿಯಂಥ ತಾಣದಲ್ಲಿ ಕೋರ್ಸ್ ಕೊಂಡವರಿಗೆ 30 ದಿನಗಳ ಮರುಪಾವತಿಯ ಭರವಸೆಯನ್ನು ತಾಣವೇ ಕೊಡುತ್ತದೆ. ಪಾಠದ ಪ್ರಶ್ನೆಗಳು ಮಾತ್ರ ಬೋಧಕರ ಪಾಲು. ಹಣದ ಜಗಳ ನಿಮ್ಮ ತಲೆಗೆ ಬರುವುದಿಲ್ಲ, ಆದರೆ ಮರುಪಾವತಿ ಬೇಡವೆನ್ನುವ ಅಧಿಕಾರವೂ ನಿಮಗಿರುವುದಿಲ್ಲ, ಗ್ರಾಹಕರ ಫೋನ್ ನಂಬರೂ ಸಿಗುವುದಿಲ್ಲ. ಗೂಗಲ್ ಪ್ಲೇಯಲ್ಲಿ ಆ್ಯಪ್ ಮಾರುವವರಿಗೆ ದೂರು ವಿಮರ್ಶೆಯ ರೂಪದಲ್ಲಿ ಎಲ್ಲರ ಮುಂದೆಯೇ ಬರುತ್ತದೆ, ಉತ್ತರವನ್ನೂ ಎಲ್ಲರ ಮುಂದೆಯೇ ಬರೆಯಬೇಕು. ಸ್ವಂತ ಜಾಲತಾಣಕ್ಕೆ ಪಾವತಿಯ ಕೊಂಡಿ ಜೋಡಿಸಿಕೊಂಡರೆ ಎಲ್ಲವೂ ನಿಮ್ಮ ಕೈಯಲ್ಲಿ, ಹೊಣೆಯೂ ಹಾಗೆಯೇ. ಉತ್ತರಿಸಲು ವೇಳೆಯಿಲ್ಲದವರು, ಬೇರೆ ನೌಕರಿಯ ನಡುವೆ ಇದನ್ನು ನಡೆಸುವವರು, ಕಮಿಷನ್ ಕೊಟ್ಟಾದರೂ ಮೊದಲ ಬಗೆಯ ತಾಣವನ್ನೇ ಹಿಡಿಯುವುದು ಸರಿ.

ಕಾನೂನು ಹೇಳುವುದು

2020ರ ಜುಲೈನಲ್ಲಿ ಜಾರಿಗೆ ಬಂದ ಗ್ರಾಹಕ ಸಂರಕ್ಷಣೆ (ಇ-ವಾಣಿಜ್ಯ) ನಿಯಮಗಳು ಡಿಜಿಟಲ್ ಸರಕಿಗೂ ಅನ್ವಯಿಸುತ್ತವೆ. ಕುಂದುಕೊರತೆ ಅಧಿಕಾರಿಯೊಬ್ಬರನ್ನು ಗೊತ್ತುಪಡಿಸಿ, ದೂರು ತಲುಪಿದೆ ಎಂದು 48 ಗಂಟೆಗಳೊಳಗೆ ತಿಳಿಸಿ, ಒಂದು ತಿಂಗಳೊಳಗೆ ಪರಿಹರಿಸಬೇಕೆಂದು ಅವು ಇ-ವಾಣಿಜ್ಯ ಸಂಸ್ಥೆಗಳಿಗೂ, ಮಾರುಕಟ್ಟೆ ತಾಣಗಳ ಮೂಲಕ ಮಾರುವವರಿಗೂ ವಿಧಿಸುತ್ತವೆ. ಸರಕು ದೋಷವುಳ್ಳದ್ದಾಗಿದ್ದರೆ ಅಥವಾ ವರ್ಣಿಸಿದಂತೆ ಇಲ್ಲದಿದ್ದರೆ ಹಣ ಮರಳಿಸಲು ನಿರಾಕರಿಸುವಂತಿಲ್ಲ. ಮಾರಿದ ಫೈಲ್‌ಗೆ ಯಾವುದೇ ಕಾರಣಕ್ಕೂ ಹಣ ವಾಪಸ್ ಇಲ್ಲ ಎಂದು ಫಲಕ ಹಾಕಿಕೊಂಡವರು ಅದರ ಹಿಂದೆ ಅಡಗಿ ಕೂರಲಾಗದು. ಅದರ ಬದಲು ಯಾವಾಗ ಮರಳಿಸುತ್ತೇವೆ, ಯಾವಾಗ ಇಲ್ಲ ಎಂದು ಬಿಡಿಸಿ ಬರೆಯಬೇಕು: ಫೈಲ್ ತೆರೆಯದಿದ್ದರೆ, ನಾವು ಸರಿಪಡಿಸಲಾಗದಿದ್ದರೆ ಪೂರ್ತಿ ಹಣ, ಓದಿ ಮುಗಿಸಿ ಇಷ್ಟವಾಗಲಿಲ್ಲ ಎಂದರೆ ಇಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಗ್ರಾಹಕರು ತಾವು ವಾಸಿಸುವ ಜಿಲ್ಲೆಯ ಆಯೋಗದಲ್ಲಿಯೇ ದೂರು ಸಲ್ಲಿಸಬಹುದು, ₹5 ಲಕ್ಷದವರೆಗಿನ ವ್ಯವಹಾರಕ್ಕೆ ಶುಲ್ಕವೂ ಇಲ್ಲ. ಕೊಪ್ಪಳದಿಂದ ಮಾರಿದ ಸರಕಿಗೆ ಬೀದರಿನಲ್ಲಿ ಉತ್ತರಿಸಬೇಕಾದೀತು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ (ಸಂಖ್ಯೆ 1915) ಹೋದ ದೂರು ನಿಮ್ಮ ಬಳಿ ಬಂದಾಗ ತೋರಿಸಲು ಬರಹದ ದಾಖಲೆ ಇರಬೇಕೆಂಬುದು, ಬರೀ ಫೋನಿನ ಮೇಲೆ ನಡೆಯುವ ಸೇವೆಯ ವಿರುದ್ಧ ನನ್ನ ದೊಡ್ಡ ತಕರಾರು.

ಮೂವರಿಗೆ ಮೂರು ಉತ್ತರ

ನೋಟ್ಸ್ ಮಾರುವವರಿಗೆ ಸಹಾಯ ಪುಟ, ಪಾಠದ ಚರ್ಚೆಗೆ ಟೆಲಿಗ್ರಾಂ, ಪಾವತಿಯ ದೂರಿಗೆ ವಾಟ್ಸಾಪ್ ಬಿಸಿನೆಸ್ ಇಷ್ಟೇ ಸಾಕು. ಉತ್ತರದ ವೇಳೆಯನ್ನು ಬೆಳಿಗ್ಗೆ 9ರಿಂದ 11, ಸಂಜೆ 6ರಿಂದ 8 ಎಂದು ಬರೆದು ಹಾಕಿ, ಬರೆದದ್ದನ್ನು ಪಾಲಿಸಬೇಕು. ಇಡೀ ದಿನ ಲಭ್ಯ ಎಂದು ಬರೆದು ಮಧ್ಯಾಹ್ನ ಸುಮ್ಮನಿರುವುದಕ್ಕಿಂತ ಇದು ಎಷ್ಟೋ ಪಾಲು ಉತ್ತಮ. ಡಿಸೈನ್ ಫೈಲ್ ಮಾರುವವರು ಸ್ಥಳೀಯ ಘಟಕಗಳಿಗೆ ವಾಟ್ಸಾಪನ್ನೂ ಹೊರನಾಡಿಗೆ ಇಮೇಲನ್ನೂ ಇಟ್ಟುಕೊಂಡು, ಮಾದರಿ ಬದಲಿಸಿ ಕೊಡುವುದನ್ನು ಮೊದಲ ಸಲ ಉಚಿತವಾಗಿ ಮಾಡುವುದು ಒಳ್ಳೆಯದು, ಏಕೆಂದರೆ ಸರಿಯಾದ ತಂತ್ರಾಂಶವಿದ್ದವರಿಗೆ ಅದು ಕೆಲವೇ ನಿಮಿಷಗಳ ಕೆಲಸ.

ಗಿರಣಿಯ ಲೆಕ್ಕದ ಹಾಳೆ ಮಾರುವವರು ಮಾತ್ರ ಸೇವೆಗೆ ಬೇರೆಯಾಗಿಯೇ ಬೆಲೆ ಕಟ್ಟಬೇಕು. ಲಾರಿ ತೂಗುವ ವೇಬ್ರಿಜ್‌ಗೂ ಅಕ್ಕಿಯನ್ನು ಬಣ್ಣ ನೋಡಿ ಬೇರ್ಪಡಿಸುವ ಸಾರ್ಟೆಕ್ಸ್ ಯಂತ್ರಕ್ಕೂ ವರ್ಷದ ನಿರ್ವಹಣಾ ಶುಲ್ಕ ಕಟ್ಟುವ ಗಿರಣಿ ಮಾಲೀಕರಿಗೆ ಎಎಂಸಿ (ವಾರ್ಷಿಕ ನಿರ್ವಹಣಾ ಒಪ್ಪಂದ) ಎಂಬುದು ಹೊಸ ಮಾತಲ್ಲ. ಮೊದಲ ಮೂರು ತಿಂಗಳು ಸರಕಿನ ಬೆಲೆಯಲ್ಲೇ ಸೇವೆ, ನಂತರ ವರ್ಷಕ್ಕಿಷ್ಟು ಎಂದು ಕೊಳ್ಳುವ ದಿನವೇ ಬರೆದು ಕೊಡಬೇಕು. ಎಷ್ಟು ಕಂಪ್ಯೂಟರುಗಳಿಗೆ, ಸುಗ್ಗಿಯ ತಿಂಗಳುಗಳಲ್ಲಿ ಯಾವ ಹೊತ್ತಿನವರೆಗೆ ಫೋನ್ ಎತ್ತಲಾಗುವುದು, ತೆರಿಗೆಯ ದರ ಬದಲಾದಾಗ ಹಾಳೆಯನ್ನು ತಿದ್ದಿಕೊಡುವುದು ಈ ಶುಲ್ಕದಲ್ಲಿ ಸೇರಿದೆಯೇ, ಗುಮಾಸ್ತರು ಬದಲಾದಾಗ ಹೊಸಬರಿಗೆ ಕಲಿಸಿಕೊಡುವುದು ಸೇರಿದೆಯೇ ಎಂಬ ನಾಲ್ಕೂ ಅದರಲ್ಲಿರಬೇಕು. ನಾಲ್ಕನೆಯದನ್ನು ಬರೆಯದೆ ಬಿಟ್ಟವರು ಪ್ರತಿ ಸುಗ್ಗಿಯಲ್ಲೂ ಹೊಸ ಗುಮಾಸ್ತರಿಗೆ ಮೊದಲಿನಿಂದ ಪಾಠ ಹೇಳುತ್ತಾರೆ, ಪುಕ್ಕಟೆಯಾಗಿ.